ಆರ್ಕಿಮಿಡೀಸ್ ಮತ್ತು ಹುರಿಯಲ್ಲಿ ಕೂಡಿಟ್ಟ ಬಲ

ಸ್ನಾನದ ತೊಟ್ಟಿಯಿಂದ ಎದ್ದು ಬೀದಿಗೆ ಓಡಿದವನೆಂದೇ ಆರ್ಕಿಮಿಡೀಸನನ್ನು ನಮ್ಮ ಶಾಲಾಪುಸ್ತಕಗಳು ಪರಿಚಯಿಸುತ್ತವೆ. ಆದರೆ ಅವನ ಕಾಲದ ರೋಮನ್ನರಿಗೆ ಅವನು ಗೊತ್ತಿದ್ದದ್ದು ಕವಣೆಯಂತ್ರಗಳಿಂದ. ಕ್ರಿ.ಪೂ. 213ರಲ್ಲಿ ದಂಡನಾಯಕ ಮಾರ್ಸೆಲಸ್ ಸಿಸಿಲಿಯ ಸಿರಾಕ್ಯೂಸ್ ನಗರದ ಮೇಲೆ ಏರಿಬಂದಾಗ ಈ ಗಣಿತಜ್ಞನಿಗೆ ಎಪ್ಪತ್ತು ದಾಟಿತ್ತು.

ಅವನು ಹುಟ್ಟಿದ್ದು ಕ್ರಿ.ಪೂ. 287ರ ಸುಮಾರಿಗೆ, ಅದೇ ನಗರದಲ್ಲಿ. ತಂದೆ ಫಿಡಿಯಸ್ ಖಗೋಳಜ್ಞ. ಕವಣೆಯಂತ್ರವೂ ಆ ಊರಿನದೇ ಕೂಸು. ಕ್ರಿ.ಪೂ. 399ರಲ್ಲಿ ಅಲ್ಲಿನ ಅರಸ ಡಯೊನೀಸಿಯಸ್ ದೂರದೂರದ ಕುಶಲಕರ್ಮಿಗಳನ್ನು ಹೆಚ್ಚಿನ ಕೂಲಿ ಕೊಟ್ಟು ಕರೆಸಿಕೊಂಡಾಗ ಅದು ರೂಪುಗೊಂಡಿತೆಂದು ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ಖಜಾನೆಯ ಹಣ ಸಂಶೋಧನೆಗೆ ಸಂದ ಇಷ್ಟು ಹಳೆಯ ನಿದರ್ಶನಗಳು ಅರ್ಥಶಾಸ್ತ್ರ ಓದಿದವನ ಕಣ್ಣಿಗೆ ಹೆಚ್ಚು ಬಿದ್ದಿಲ್ಲ.

ಮೊದಮೊದಲು ಅದು ದೊಡ್ಡ ಬಿಲ್ಲು ಮಾತ್ರ. ಮುಂದೆ ಬಿಲ್ಲಿನ ಮರದ ಬದಲು ಪ್ರಾಣಿಗಳ ಸ್ನಾಯುರಜ್ಜು ಇಲ್ಲವೇ ಕೂದಲಿನ ಹುರಿಗಳು ಬಂದವು. ಮರದ ಚೌಕಟ್ಟಿನಲ್ಲಿ ಎರಡು ದಪ್ಪ ಹುರಿಕಟ್ಟುಗಳನ್ನು ಲಂಬವಾಗಿ ಬಿಗಿದು, ಒಂದೊಂದರ ನಡುವೆ ಒಂದೊಂದು ತೋಳನ್ನು ತೂರಿಸುತ್ತಿದ್ದರು. ತೋಳುಗಳ ತುದಿಗೆ ಕಟ್ಟಿದ ಹಗ್ಗವನ್ನು ರಾಟೆಯಿಂದ ಹಿಂದಕ್ಕೆ ಎಳೆದಷ್ಟೂ ಹುರಿ ಇನ್ನಷ್ಟು ತಿರುಚಿಕೊಳ್ಳುತ್ತದೆ. ಆಳುಗಳು ಬೆವರು ಸುರಿಸಿ ತಿರುಗಿಸಿದ ಒಂದೊಂದು ಸುತ್ತೂ ಅದರಲ್ಲಿ ಜಮೆಯಾಗುತ್ತದೆ. ಹಲ್ಲಿನ ತಡೆ ಅದನ್ನು ಹಿಂದೆ ಸರಿಯಗೊಡುವುದಿಲ್ಲ. ಕೊಕ್ಕೆ ಸಡಿಲಿಸಿದೊಡನೆ ನಿಮಿಷಗಳ ದುಡಿಮೆ ಕ್ಷಣಾರ್ಧದಲ್ಲಿ ಹೊರಬೀಳುತ್ತದೆ. ಯಂತ್ರ ಹೊಸ ಶಕ್ತಿಯನ್ನೇನೂ ಸೃಷ್ಟಿಸುವುದಿಲ್ಲ, ಕಾಲವನ್ನು ಕುಗ್ಗಿಸುತ್ತದೆ, ಅಷ್ಟೆ. ಕೂಡಿಟ್ಟದ್ದೆಲ್ಲ ಕಲ್ಲಿಗೆ ದಕ್ಕುವುದೂ ಇಲ್ಲ. ತೋಳುಗಳ ಬೀಸಿನಲ್ಲಿ, ಚೌಕಟ್ಟಿನ ಅದುರಿನಲ್ಲಿ ಒಂದು ಪಾಲು ಸೋರಿಹೋಗುತ್ತದೆ.

ಲೆಕ್ಕವೂ ಸೊಗಸಾದದ್ದು. ಎಂಟು ಪಟ್ಟು ಭಾರದ ಕಲ್ಲನ್ನು ಎಸೆಯಲು ಹುರಿಕಟ್ಟಿನ ವ್ಯಾಸ ಎರಡು ಪಟ್ಟಾದರೆ ಸಾಕು. ಯಂತ್ರದ ಮಿಕ್ಕ ಅಳತೆಗಳೂ ಅದೇ ಪ್ರಮಾಣದಲ್ಲಿ ಬೆಳೆಯುವುದರಿಂದ ಹುರಿಯ ಗಾತ್ರ ಎಂಟು ಪಟ್ಟಾಗುತ್ತದೆ. ಘನಮೂಲದ ಈ ಸೂತ್ರವನ್ನು ಬೈಜಾಂಟಿಯಮ್ಮಿನ ಫಿಲೋ ದಾಖಲಿಸಿದ್ದಾನೆ. ಹುರಿ ಬಳಕೆಯಿಂದ ಸೊರಗುತ್ತದೆಂಬುದೂ ಅವನಿಗೆ ಗೊತ್ತಿತ್ತು. ಕಟ್ಟುವುದಕ್ಕೆ ಮಂಜೂರಾಗುವ ಹಣ ದುರಸ್ತಿಗೆ ಸಿಗದಿರುವುದನ್ನು ಸೇವಾವಧಿಯುದ್ದಕ್ಕೂ ಕಂಡ ನನಗೆ ಆ ಮಾತು ಹತ್ತಿರದ್ದೆನಿಸುತ್ತದೆ.

ಆರ್ಕಿಮಿಡೀಸ್ ಯಂತ್ರವಿದ್ಯೆಯನ್ನು ಕೀಳೆಂದು ಭಾವಿಸಿದ್ದನೆಂದು ಪ್ಲುಟಾರ್ಕ್ ಹೇಳುತ್ತಾನೆ. ನನಗೆ ನಂಬಿಕೆಯಿಲ್ಲ. ಸನ್ನೆಯ ನಿಯಮವನ್ನು ಸಾಧಿಸಿ ತೋರಿಸಿದವನು ತೋಳು, ರಾಟೆಗಳನ್ನು ತುಚ್ಛವೆಂದುಕೊಂಡಾನೇ? ಅರಸ ಹಿಯೆರೋನ ಕೋರಿಕೆಯಂತೆ ಅವನು ಯಂತ್ರಗಳನ್ನು ಸಿದ್ಧಪಡಿಸಿದ್ದು ಶಾಂತಿಕಾಲದಲ್ಲಿ. ಹಿಯೆರೋ ಕ್ರಿ.ಪೂ. 263ರಿಂದ ಸಾಯುವವರೆಗೂ ರೋಮಿನ ಮಿತ್ರ. ಕ್ರಿ.ಪೂ. 215ರಲ್ಲಿ ಪಟ್ಟಕ್ಕೆ ಬಂದ ಹದಿಹರೆಯದ ಮೊಮ್ಮಗ ಹಿಯೆರೋನಿಮಸ್ ಕಾರ್ಥೇಜಿನ ಕಡೆಗೆ ವಾಲಿದ, ಮರುವರ್ಷವೇ ಕೊಲೆಯಾದ. ಕೂಡಿಟ್ಟ ಬಲ ಯಾರ ಮೇಲೆ ಬಿಡುಗಡೆಯಾಗಬೇಕೆಂಬ ತೀರ್ಮಾನ ಅದನ್ನು ಕೂಡಿಟ್ಟವನ ಕೈಯಲ್ಲಿರಲಿಲ್ಲ.

ಮುತ್ತಿಗೆಯಲ್ಲಿ ರೋಮನ್ನರನ್ನು ಕಂಗೆಡಿಸಿದ್ದು ಯಂತ್ರಗಳ ಗಾತ್ರವೊಂದೇ ಅಲ್ಲ, ಅವುಗಳ ಶ್ರೇಣಿ. ದೂರದ ಹಡಗುಗಳಿಗೆ ದೊಡ್ಡವು, ಹತ್ತಿರ ಬಂದಂತೆಲ್ಲ ಚಿಕ್ಕವು. ಇರುಳಲ್ಲಿ ಗೋಡೆಯ ಬುಡಕ್ಕೆ ಬಂದರೆ ಪಾರಾಗಬಹುದೆಂದು ಮಾರ್ಸೆಲಸ್ ಎಣಿಸಿದ. ಅಲ್ಲಿಗೂ ಗೋಡೆಯ ಕಿಂಡಿಗಳಿಂದ ಬಾಣಗಳು ಬಂದವು. ಕನ್ನಡಿಗಳಿಂದ ಹಡಗು ಸುಟ್ಟ ಕಥೆಯನ್ನು ಪೊಲಿಬಿಯಸ್ ಆಗಲಿ ಲಿವಿಯಾಗಲಿ ಹೇಳಿಲ್ಲ. ಕಡೆಗೆ ನೇರ ದಾಳಿ ಬಿಟ್ಟು ರೋಮನ್ನರು ದಿಗ್ಬಂಧನಕ್ಕೆ ಶರಣಾದರು.

ಕ್ರಿ.ಪೂ. 212ರಲ್ಲಿ ಆರ್ಟೆಮಿಸ್ ದೇವಿಯ ಹಬ್ಬದ ರಾತ್ರಿ ಕಾವಲುಗಾರರು ಕುಡಿದು ಮಲಗಿದ್ದಾಗ ಶತ್ರುಗಳು ಏಣಿ ಹಾಕಿ ಗೋಡೆ ಹತ್ತಿದರು. ಒಳಕೋಟೆ ತಿಂಗಳುಗಳ ನಂತರ ದ್ರೋಹದಿಂದ ಬಿತ್ತು. ಜೀವಸಹಿತ ಉಳಿಸಬೇಕೆಂಬ ಮಾರ್ಸೆಲಸನ ಇಚ್ಛೆಗೆ ವಿರುದ್ಧವಾಗಿ ಒಬ್ಬ ಸೈನಿಕ ವೃದ್ಧನನ್ನು ಕೊಂದ.

ಕ್ರಿ.ಪೂ. 75ರಲ್ಲಿ ಸಿಸಿಲಿಯ ಅಧಿಕಾರಿಯಾಗಿದ್ದ ಸಿಸಿರೋ, ಮುಳ್ಳುಪೊದೆಗಳಲ್ಲಿ ಮುಚ್ಚಿಹೋಗಿದ್ದ ಅವನ ಸಮಾಧಿಯನ್ನು ಪತ್ತೆಹಚ್ಚಿದ. ಊರಿನವರೇ ಅದನ್ನು ಮರೆತಿದ್ದರು. ಗುರುತು ಸಿಕ್ಕಿದ್ದು ಕಂಬದ ಮೇಲಿದ್ದ ಗೋಳ ಮತ್ತು ಸಿಲಿಂಡರಿನ ಆಕೃತಿಗಳಿಂದ.