ಋಣಕ್ಕೆ ಸಿಲುಕದ ಲೇಖನಿ

ಸರ್ಕಾರವನ್ನು ವಿಮರ್ಶಿಸಬೇಕಾದ ಪತ್ರಕರ್ತನೇ ಆ ಸರ್ಕಾರದ ಮುಖ್ಯಸ್ಥರಿಗೆ ಆಪ್ತನಾದರೆ ಅವನ ಲೇಖನಿಯ ಗತಿಯೇನು? ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಅಂದರೆ ನಾಡಿನ ಜನರ ಪ್ರೀತಿಯ ಡಿವಿಜಿ, ಈ ಇಕ್ಕಟ್ಟನ್ನು ಎದುರಿಸಿದ್ದು ಬಡತನದ ನಡುವೆ.

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರ ಮಾರ್ಚ್ 17ರಂದು ಜನಿಸಿದ ಅವರ ಶಾಲಾ ಶಿಕ್ಷಣ ಮೆಟ್ರಿಕ್ ಹಂತದಲ್ಲೇ ನಿಂತಿತು. ಹೊಟ್ಟೆಪಾಡಿಗಾಗಿ ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿದರು. ಕೊನೆಗೆ ಕೈಹಿಡಿದದ್ದು ಪತ್ರಿಕಾವೃತ್ತಿ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರಿಗೆ ಡಿವಿಜಿ ಆತ್ಮೀಯರು. ಆ ಸ್ನೇಹವನ್ನು ಸಂಪಾದನೆಯ ದಾರಿಯಾಗಿಸಿಕೊಳ್ಳುವುದು ಕಷ್ಟವೇನೂ ಆಗಿರಲಿಲ್ಲ. ಆದರೆ ಸರ್ಕಾರದಿಂದ ಬಂದ ಸಂಭಾವನೆಯ ಚೆಕ್ಕುಗಳನ್ನು ಅವರು ನಗದಾಗಿಸದೆ ಪೆಟ್ಟಿಗೆಯಲ್ಲೇ ಇರಿಸಿದ್ದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಹಣ ಪಡೆದವನ ನಾಲಗೆಗೆ ದಾಕ್ಷಿಣ್ಯದ ಬೀಗ ಬೀಳುತ್ತದೆ ಎಂಬ ಎಚ್ಚರ ಅವರದಾಗಿತ್ತು.

ಡಿವಿಜಿ ಸಾರ್ವಜನಿಕ ಜೀವನಕ್ಕೆ ಬೆನ್ನು ತಿರುಗಿಸಿದ ವಿರಾಗಿಯಲ್ಲ. ಮೈಸೂರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಹೊಣೆಯನ್ನು ಅವರು ಒಪ್ಪಿಕೊಂಡರೇ ವಿನಾ ಅದನ್ನು ಮಂತ್ರಿಗಿರಿಯ ಮೆಟ್ಟಿಲಾಗಿಸಿಕೊಳ್ಳಲಿಲ್ಲ. ಗೋಪಾಲಕೃಷ್ಣ ಗೋಖಲೆಯವರನ್ನು ಆದರ್ಶವೆಂದು ಭಾವಿಸಿದ್ದ ಅವರು, ಅಧಿಕಾರಕ್ಕಿಂತ ಪ್ರಜೆಯ ತಿಳಿವಳಿಕೆ ಮುಖ್ಯವೆಂದು ನಂಬಿ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು.

ಕೀರ್ತಿಯ ವಿಷಯದಲ್ಲೂ ಇದೇ ನಿಲುವು. ಯಾರ ಕಣ್ಣಿಗೂ ಬೀಳದೆ ಅರಳಿ ಪರಿಮಳ ಬೀರುವ ಕಾಡುಹೂವಿನ ಬಾಳನ್ನು ಅವರು ತಮ್ಮ ಕವಿತೆಯಲ್ಲಿ ಬೇಡಿಕೊಂಡಿದ್ದರು. 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದ ಅಂಕಿತದಲ್ಲಿಯೂ ಕವಿಯ ಹೆಸರಿಲ್ಲ. ಅಲ್ಲಿರುವುದು ಮಂಕುತಿಮ್ಮನ ಹೆಸರು. ಆದರೂ ಕೀರ್ತಿ ಅವರನ್ನು ಬಿಡಲಿಲ್ಲ. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ಸಂದವು.

ನಿಜವಾದ ಪರೀಕ್ಷೆ ಎದುರಾದದ್ದು 1970ರಲ್ಲಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ಲಕ್ಷ ರೂಪಾಯಿಯ ಆಸುಪಾಸಿನ ನಿಧಿ ಅವರ ಕೈ ಸೇರಿತು. ಆಗ ಅವರಿಗೆ 80 ದಾಟಿತ್ತು. ಜೀವನವಿಡೀ ಹಣದ ಮುಗ್ಗಟ್ಟನ್ನು ಕಂಡಿದ್ದರು. ಆದರೂ ಅಷ್ಟೂ ಹಣವನ್ನು ಗೋಖಲೆ ಸಂಸ್ಥೆಗೆ ನೀಡಿದರು. 1975ರ ಅಕ್ಟೋಬರ್ 7ರಂದು ನಿಧನರಾದರು.

ಬೆಂಗಳೂರಿನ ಬಸವನಗುಡಿ ಪ್ರದೇಶದಲ್ಲಿ ಅವರ ಹೆಸರಿನ ರಸ್ತೆಯಿದೆ, ಪ್ರತಿಮೆಯೂ ಇದೆ. ಅವರು ಇವನ್ನು ಬಯಸಿರಲಿಲ್ಲ. ಬಯಸಿದ್ದು ಯಾರ ಹಂಗಿಗೂ ಒಳಗಾಗದೆ ಮಾತನಾಡುವ ಸ್ವಾತಂತ್ರ್ಯವನ್ನು. ಅದರ ಬೆಲೆಯನ್ನು ತಮ್ಮ ಮನೆಯ ಬಡತನದಿಂದಲೇ ತೆತ್ತರು.