ದೀಪವಿಲ್ಲದ ಒಂದು ಗಂಟೆ

ನೀವು ಅವಸರದಲ್ಲಿದ್ದಾಗಲೇ ಕರೆಂಟು ಹೋಗುತ್ತದೆ. ಬೇಕಾದ ಪಾತ್ರೆಯನ್ನು ಯಾರೋ ಒಯ್ದಿರುತ್ತಾರೆ. ಇದರಲ್ಲೂ ದೇವರ ಕೈ ಇದೆಯೇ? ಇದೆಯೆಂದು ನಂಬಿ ಬಾಳಿದವರು ಬಾಲಯೇಸುವಿನ ಸಂತ ತೆರೇಸಮ್ಮನವರು.

1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಅವರು 15ನೇ ವಯಸ್ಸಿಗೇ ಲಿಸಿಯೂ ಪಟ್ಟಣದ ಕಾರ್ಮೆಲ್ ಮಠ ಸೇರಿದರು. ಒಂದು ರಾತ್ರಿ ಪ್ರಾರ್ಥನೆ ಮುಗಿಸಿ ಬಂದರೆ ದೀಪವಿಲ್ಲ. ಬೇರೊಬ್ಬ ಭಗಿನಿ ತಮ್ಮದೆಂದು ತಿಳಿದು ಒಯ್ದಿದ್ದರು. ಮೌನದ ಹೊತ್ತು, ಕೇಳುವಂತಿಲ್ಲ. ಮಾಡಬೇಕಾದ ಕೆಲಸ ಬಹಳವಿತ್ತು. ಒಂದು ಗಂಟೆ ಕತ್ತಲಲ್ಲೇ ಉಳಿದರು. ಬಡತನದ ವ್ರತವೆಂದರೆ ತೀರ ಅಗತ್ಯವಾದುದೂ ಇಲ್ಲದಿರುವುದು ಎಂದು ಆಗ ಹೊಳೆಯಿತು. ಬೇಸರದ ಬದಲು ಸಂತೋಷವೇ ಆಯಿತು.

ಧ್ಯಾನದ ವೇಳೆ ಹಿಂದೆ ಕುಳಿತ ಭಗಿನಿಯೊಬ್ಬರು ಚಿಪ್ಪು ಉಜ್ಜಿದಂಥ ಸದ್ದು ಮಾಡುತ್ತಿದ್ದರು. ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು. ತೆರೇಸಮ್ಮನವರು ಬೆವರಿದರೇ ಹೊರತು ತಿರುಗಲಿಲ್ಲ. ಆ ಸದ್ದನ್ನೇ ಸಂಗೀತದಂತೆ ಕೇಳಿ ಯೇಸುವಿಗೆ ಒಪ್ಪಿಸಿದರು. ಬಟ್ಟೆ ಒಗೆಯುವಾಗ ಎದುರಿನವರಿಂದ ಮುಖಕ್ಕೆ ಕೊಳೆನೀರು ಸಿಡಿದರೂ ಹಿಂದೆ ಸರಿಯಲಿಲ್ಲ. (ನಾವಾಗಿದ್ದರೆ ಸುಮ್ಮನಿರುತ್ತಿದ್ದೆವೇ?)

ಇದೆಲ್ಲ ಮಕ್ಕಳಾಟವೆಂದು ತಳ್ಳಿಹಾಕಬೇಡಿ. 1896ರ ಪವಿತ್ರ ವಾರದಲ್ಲಿ ಅವರು ರಕ್ತ ಕಾರಿದರು, ಕ್ಷಯರೋಗ. ಅದೇ ಪಾಸ್ಖ ಕಾಲದಲ್ಲಿ, ಸ್ವರ್ಗವೆಂಬುದು ಇದೆಯೇ ಎಂಬ ಸಂದೇಹ ಮನಸ್ಸನ್ನು ಕವಿಯಿತು. ಈ ಕತ್ತಲು ಒಂದು ಗಂಟೆಯದಲ್ಲ, ಸಾಯುವತನಕದ್ದು. ಮಠದ ಕೋಣೆಯಲ್ಲಿ ದೀಪವಿಲ್ಲದೆ ಇರಲು ಕಲಿತಿದ್ದವರು ಇದರಲ್ಲೂ ಇದ್ದರು. ಪ್ರಾರ್ಥನೆ ಬಿಡಲಿಲ್ಲ, ದೇವರನ್ನೂ ಬಿಡಲಿಲ್ಲ. 1897ರ ಸೆಪ್ಟೆಂಬರ್ 30ರ ಸಂಜೆ ಕಣ್ಣು ಮುಚ್ಚಿದಾಗ ಅವರಿಗೆ 24 ವರ್ಷ. 1925ರಲ್ಲಿ ಸಂತ ಪದವಿ ದೊರೆಯಿತು. ಅಕ್ಟೋಬರ್ 1 ಅವರ ಹಬ್ಬ.