ಅನುಪಮಾ ನಿರಂಜನ

ಡಾ. ಅನುಪಮಾ ನಿರಂಜನ (17 ಮೇ 1934 – 15 ಫೆಬ್ರವರಿ 1991) ಕನ್ನಡದ ಪ್ರಸಿದ್ಧ ಕಾದಂಬರಿಗಾರ್ತಿ, ಕಥೆಗಾರ್ತಿ, ಮಕ್ಕಳ ಸಾಹಿತಿ ಹಾಗೂ ವೃತ್ತಿಯಿಂದ ವೈದ್ಯೆ. ವೈದ್ಯಕೀಯ ವಿಷಯಗಳನ್ನು, ಅದರಲ್ಲಿಯೂ ಸ್ತ್ರೀಯರ ಮತ್ತು ಶಿಶುಗಳ ಆರೋಗ್ಯವನ್ನು ಕುರಿತು ತಿಳಿಗನ್ನಡದಲ್ಲಿ ಬರೆದು ಸಾಮಾನ್ಯ ಓದುಗರಿಗೆ ತಲುಪಿಸಿದವರಲ್ಲಿ ಅವರು ಪ್ರಮುಖರು. ಕೊನೆಯ ವರ್ಷಗಳಲ್ಲಿ ಕ್ಯಾನ್ಸರ್ ರೋಗಕ್ಕೆ ತುತ್ತಾದ ಅವರು ಆ ರೋಗದ ಬಗೆಗೂ ಕನ್ನಡದಲ್ಲಿ ಪುಸ್ತಕ ಬರೆದರು. ಖ್ಯಾತ ಸಾಹಿತಿ ನಿರಂಜನ ಇವರ ಪತಿ.

ಜನನ ಮತ್ತು ಶಿಕ್ಷಣ

ಅನುಪಮಾ ಅವರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಜನಿಸಿದರು. ಹುಟ್ಟು ಹೆಸರು ವೆಂಕಟಲಕ್ಷ್ಮಿ. ಕುವೆಂಪು, ಎಂ. ಕೆ. ಇಂದಿರಾ, ಯು. ಆರ್. ಅನಂತಮೂರ್ತಿ ಮೊದಲಾದ ಲೇಖಕರನ್ನು ನೀಡಿದ ಸೀಮೆಯಿದು.

ವೈದ್ಯಕೀಯ ವ್ಯಾಸಂಗಕ್ಕಾಗಿ ಅವರು ಮೈಸೂರಿಗೆ ಬಂದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ಮೈಸೂರು ವೈದ್ಯಕೀಯ ಕಾಲೇಜು ಆಗಿನ ಮೈಸೂರು ಸಂಸ್ಥಾನಕ್ಕೆ ವೈದ್ಯರನ್ನು ಒದಗಿಸುತ್ತಿದ್ದ ಪ್ರಧಾನ ಸಂಸ್ಥೆಯಾಗಿತ್ತು. ಕೃಷ್ಣರಾಜೇಂದ್ರ ಆಸ್ಪತ್ರೆ ಹಾಗೂ ಹೆರಿಗೆ ಮತ್ತು ಮಕ್ಕಳ ಚಿಕಿತ್ಸೆಗೆ ಮೀಸಲಾದ ಚೆಲುವಾಂಬ ಆಸ್ಪತ್ರೆ ಈ ಕಾಲೇಜಿಗೆ ಸೇರಿದವು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದು ವಿರಳವಾಗಿದ್ದ ಆ ಕಾಲದಲ್ಲಿ ವೆಂಕಟಲಕ್ಷ್ಮಿಯವರು ಎಂ.ಬಿ.ಬಿ.ಎಸ್. ಪದವಿ ಪಡೆದರು.

ವಿವಾಹ ಮತ್ತು ವೃತ್ತಿ

1956ರಲ್ಲಿ ಅವರು ಪ್ರಗತಿಶೀಲ ಸಾಹಿತಿ ನಿರಂಜನರನ್ನು ವಿವಾಹವಾದರು. ಕಯ್ಯೂರಿನ ರೈತ ಹೋರಾಟವನ್ನು ಆಧರಿಸಿದ 'ಚಿರಸ್ಮರಣೆ' ಕಾದಂಬರಿಯ ಮೂಲಕ ನಿರಂಜನರು ಆ ವೇಳೆಗೆ ಹೆಸರಾಗಿದ್ದರು. ಬರವಣಿಗೆಯನ್ನೇ ನೆಚ್ಚಿದ್ದ ಲೇಖಕನ ಸಂಸಾರಕ್ಕೆ ಅನುಪಮಾ ಅವರ ವೈದ್ಯ ವೃತ್ತಿ ಆಧಾರವಾಯಿತು. ಮೊದಲು ಧಾರವಾಡದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ಅವರು ವೃತ್ತಿ ನಡೆಸಿದರು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು. ಅವರಲ್ಲಿ ತೇಜಸ್ವಿನಿ ನಿರಂಜನ ಅನುವಾದ ಮತ್ತು ಸಂಸ್ಕೃತಿ ಅಧ್ಯಯನದ ವಿದ್ವಾಂಸರಾಗಿ ಪ್ರಸಿದ್ಧರು.

1970ರ ದಶಕದ ಆರಂಭದಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ಒಳಗಾದರು. 'ಜ್ಞಾನಗಂಗೋತ್ರಿ' ಹಾಗೂ 25 ಸಂಪುಟಗಳ 'ವಿಶ್ವಕಥಾಕೋಶ'ದಂತಹ ದೊಡ್ಡ ಕಾರ್ಯಗಳನ್ನು ನಿರಂಜನರು ಸಂಪಾದಿಸುತ್ತಿದ್ದ ವರ್ಷಗಳಲ್ಲಿ ಪತಿಯ ಶುಶ್ರೂಷೆ, ರೋಗಿಗಳ ಸೇವೆ, ಸ್ವಂತ ಬರವಣಿಗೆ ಈ ಮೂರನ್ನೂ ಅನುಪಮಾ ನಿರ್ವಹಿಸಬೇಕಾಯಿತು.

ಸಾಹಿತ್ಯ ಕೃತಿಗಳು

'ಅನಂತಗೀತೆ', 'ಶ್ವೇತಾಂಬರಿ', 'ಎಳೆ', 'ಘೋಷ', 'ಮಾಧವಿ' ಅವರ ಹೆಸರಾಂತ ಕಾದಂಬರಿಗಳಲ್ಲಿ ಕೆಲವು. ಮಹಾಭಾರತದ ಉಪಾಖ್ಯಾನವೊಂದನ್ನು ಆಧರಿಸಿದ 'ಮಾಧವಿ' ವಿಶೇಷ ಚರ್ಚೆಗೆ ಒಳಗಾದ ಕೃತಿ. ಗುರುದಕ್ಷಿಣೆಯಾಗಿ ವಿಶ್ವಾಮಿತ್ರನಿಗೆ 800 ಕುದುರೆಗಳನ್ನು ಕೊಡಬೇಕಾದ ಗಾಲವನಿಗೆ ಯಯಾತಿಯು ತನ್ನ ಮಗಳು ಮಾಧವಿಯನ್ನು ಒಪ್ಪಿಸುತ್ತಾನೆ. ಕುದುರೆಗಳಿಗೆ ಪ್ರತಿಯಾಗಿ ಆಕೆ ಒಬ್ಬ ರಾಜನಿಂದ ಇನ್ನೊಬ್ಬ ರಾಜನಿಗೆ ಸಲ್ಲುತ್ತಾಳೆ. ಹೆಣ್ಣಿನ ದೇಹ ವಿನಿಮಯದ ವಸ್ತುವಾಗುವ ಈ ಕಥೆಯನ್ನು ಲೇಖಕಿ ಹೆಣ್ಣಿನ ದೃಷ್ಟಿಯಿಂದ ಮರುನಿರೂಪಿಸಿದ್ದಾರೆ. ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 'ಋಣಮುಕ್ತಳು' ಚಲನಚಿತ್ರವನ್ನು ನಿರ್ದೇಶಿಸಿದರು.

ವರ್ಷದ ಪ್ರತಿದಿನಕ್ಕೂ ಒಂದರಂತೆ ಕಥೆಗಳನ್ನು ತಿಂಗಳಿಗೊಂದು ಸಂಪುಟವಾಗಿ ನೀಡಿದ 'ದಿನಕ್ಕೊಂದು ಕಥೆ' ಕನ್ನಡ ಮಕ್ಕಳ ಸಾಹಿತ್ಯದ ಬಹು ಜನಪ್ರಿಯ ಮಾಲೆ. 12 ಸಂಪುಟಗಳ ಈ ಮಾಲೆ ಅನೇಕ ಬಾರಿ ಮರುಮುದ್ರಣಗೊಂಡಿದೆ. 'ನೆನಪು ಸಿಹಿ-ಕಹಿ' ಅವರ ಆತ್ಮಕಥನ.

ವೈದ್ಯಕೀಯ ಸಾಹಿತ್ಯ

ಹದಿಹರೆಯದ ಹುಡುಗಿಯರಿಗಾಗಿ 'ಕೇಳು ಕಿಶೋರಿ', ವಿವಾಹಿತರಿಗಾಗಿ 'ದಾಂಪತ್ಯ ದೀಪಿಕೆ', ಬಸುರಿ, ಬಾಣಂತಿ ಹಾಗೂ ಕೂಸಿನ ಆರೈಕೆಯನ್ನು ಕುರಿತು 'ತಾಯಿ-ಮಗು' ಇವು ಅವರ ಜನಪ್ರಿಯ ವೈದ್ಯಕೀಯ ಕೃತಿಗಳು. ಮುಟ್ಟು, ಗರ್ಭ, ಹೆರಿಗೆಗಳ ಮಾತು ಮನೆಯ ಒಳಕೋಣೆಯಲ್ಲಿಯೂ ಪಿಸುದನಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಪುಸ್ತಕಗಳು ಪ್ರಕಟವಾದವು. ಸಂಕೋಚದಿಂದ ವೈದ್ಯರ ಬಳಿ ಹೋಗದೆ ರೋಗವನ್ನು ಬಲಿಯಗೊಡುತ್ತಿದ್ದ ಮಹಿಳೆಯರಿಗೆ ಇವು ಬಹಳ ನೆರವಾದವು. ಮದುವೆಯ ಉಡುಗೊರೆಯಾಗಿಯೂ ಇವನ್ನು ಕೊಡುವ ರೂಢಿಯಿತ್ತು.

ಅವರ ಕಾಲದ ವೈದ್ಯಕೀಯ ಪ್ರಗತಿ

ಅನುಪಮಾ ಅವರ ವೃತ್ತಿಜೀವನದ ಮೂರೂವರೆ ದಶಕಗಳು ರಕ್ತದ ಕಾಯಿಲೆ ಮತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮಹತ್ತರ ಬದಲಾವಣೆಗಳಾದ ಅವಧಿಯೂ ಹೌದು. ಈ ಬದಲಾವಣೆಗಳ ಮೂಲದಲ್ಲಿ ಬಸುರಿಯರ ರಕ್ತಹೀನತೆಯ ಅಧ್ಯಯನವೂ ಇದೆ. 1930ರ ಸುಮಾರಿಗೆ ಮುಂಬಯಿಯಲ್ಲಿ ಗಿರಣಿ ಕೆಲಸದ ಗರ್ಭಿಣಿಯರನ್ನು ಪರೀಕ್ಷಿಸಿದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಅವರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡರು. ಆ ಸಾರದಲ್ಲಿದ್ದ ಪೋಷಕಾಂಶವೇ ಫೋಲಿಕ್ ಆಮ್ಲವೆಂದು ಮುಂದೆ ತಿಳಿದುಬಂದಿತು. ತೆಲುಗು ನಾಡಿನಿಂದ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಇದನ್ನು ಕೃತಕವಾಗಿ ತಯಾರಿಸಿತು.

ಜೀವಕೋಶಗಳು ವಿಭಜನೆಗೊಳ್ಳಲು ಫೋಲಿಕ್ ಆಮ್ಲ ಅಗತ್ಯ. ರಕ್ತದ ಕ್ಯಾನ್ಸರ್‌ನ ಕೋಶಗಳೂ ಇದನ್ನೇ ಬಳಸಿ ಬೆಳೆಯುತ್ತವೆ. ಆದ್ದರಿಂದ ಅದರ ಕಾರ್ಯವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ಸುಬ್ಬರಾವ್ ಅವರ ತಂಡ ಒದಗಿಸಿತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು, ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು 1948ರಲ್ಲಿ ವರದಿ ಮಾಡಿದರು. ಇದೇ ವರ್ಗದ ಮೆಥೊಟ್ರೆಕ್ಸೇಟ್ 1950ರ ದಶಕದಲ್ಲಿ, ಗರ್ಭದ ಮಾಸಿನ ಅಂಗಾಂಶದಿಂದ ಹುಟ್ಟುವ ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರನ್ನು ವಾಸಿಮಾಡಿತು. ಹೀಗೆ ಒಂದೇ ಪೋಷಕಾಂಶವನ್ನು ಕೊಡುವುದು ರಕ್ತಹೀನತೆಗೂ, ಅದನ್ನು ತಡೆಯುವುದು ಕ್ಯಾನ್ಸರ್‌ಗೂ ಮದ್ದಾಯಿತು. ಭಾರತ ಸರ್ಕಾರವು 1970ರಲ್ಲಿ ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ಕಾರ್ಯಕ್ರಮವನ್ನು ಆರಂಭಿಸಿತು.

1960ರ ದಶಕದಲ್ಲಿ ನಿತ್ಯಪುಷ್ಪ ಗಿಡದಿಂದ ಪಡೆದ ವಿನ್‌ಕ್ರಿಸ್ಟಿನ್ ಬಳಕೆಗೆ ಬಂದಿತು. ಹಲವು ಔಷಧಗಳನ್ನು ಜೊತೆಯಾಗಿ ನೀಡುವ ಕ್ರಮದಿಂದ ಮಕ್ಕಳ ರಕ್ತದ ಕ್ಯಾನ್ಸರ್ ಮತ್ತು ಹಾಜ್‌ಕಿನ್ ಕಾಯಿಲೆ ಗುಣವಾಗಬಲ್ಲ ರೋಗಗಳಾದವು. 1970ರ ದಶಕದಲ್ಲಿ, ಸ್ತನ ಕ್ಯಾನ್ಸರ್‌ನ ಶಸ್ತ್ರಕ್ರಿಯೆಯ ನಂತರ ಔಷಧ ನೀಡಿದರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂದು ಇಟಲಿಯ ಜಾನ್ನಿ ಬೊನಡೊನ್ನ ತೋರಿಸಿದರು. ಟಮಾಕ್ಸಿಫೆನ್ ಮಾತ್ರೆಯೂ ಅದೇ ದಶಕದಲ್ಲಿ ಬಂದಿತು. ಕರ್ನಾಟಕದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದ ಮೇಲೆ ಕ್ಯಾನ್ಸರ್ ಚಿಕಿತ್ಸೆ ಹೆಚ್ಚು ಜನರಿಗೆ ನಿಲುಕುವಂತಾಯಿತು. ಆದರೂ ರೋಗಿಗಳು ತಡವಾಗಿ ಬರುವುದು, ಬೇಗ ಗುರುತಿಸಿದರೆ ಗುಣಪಡಿಸಬಹುದಾದ ಗರ್ಭಕೊರಳಿನ ಮತ್ತು ಸ್ತನದ ಕ್ಯಾನ್ಸರ್‌ಗಳಲ್ಲಿಯೂ ದೊಡ್ಡ ತೊಡಕಾಗಿ ಉಳಿಯಿತು.

ಕ್ಯಾನ್ಸರ್ ಮತ್ತು ಕೊನೆಯ ದಿನಗಳು

ಅನುಪಮಾ ಅವರಿಗೇ ಕ್ಯಾನ್ಸರ್ ತಗುಲಿದಾಗ, ರೋಗದ ಗತಿಯೇನೆಂಬುದು ವೈದ್ಯೆಯಾದ ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಕ್ಯಾನ್ಸರ್ ಎಂಬ ಹೆಸರನ್ನೇ ಉಚ್ಚರಿಸಲು ಜನ ಹಿಂಜರಿಯುತ್ತಿದ್ದ, ಅದನ್ನು ಅಂಟುರೋಗವೆಂದೋ ಪೂರ್ವಜನ್ಮದ ಕರ್ಮವೆಂದೋ ಭಾವಿಸಿ ಮುಚ್ಚಿಡುತ್ತಿದ್ದ ದಿನಗಳವು. ಅವರು ರೋಗವನ್ನು ಮುಚ್ಚಿಡಲಿಲ್ಲ. ಕನ್ನಡ ಓದುಗರಿಗೆ ಆ ರೋಗವನ್ನು ಪರಿಚಯಿಸುವ 'ಕ್ಯಾನ್ಸರ್ ಜಗತ್ತು' ಅವರ ವೈದ್ಯಕೀಯ ಕೃತಿಗಳ ಸಾಲಿಗೆ ಸೇರಿತು. ಬರವಣಿಗೆಯಲ್ಲಿ ತೊಡಗಿದ್ದಾಗಲೇ 1991ರ ಫೆಬ್ರವರಿ 15ರಂದು, ತಮ್ಮ 56ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ನಿರಂಜನರೂ ಆ ಬಳಿಕ ಹೆಚ್ಚು ಕಾಲ ಬದುಕಲಿಲ್ಲ.

ಪ್ರಶಸ್ತಿ ಮತ್ತು ಸ್ಮರಣೆ

'ದಿನಕ್ಕೊಂದು ಕಥೆ' ಮಾಲೆಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಗೌರವಕ್ಕೂ ಅವರು ಪಾತ್ರರಾದರು. ಅವರ ನೆನಪಿಗಾಗಿ ಕರ್ನಾಟಕ ಲೇಖಕಿಯರ ಸಂಘವು ಹಿರಿಯ ಲೇಖಕಿಯರಿಗೆ ಅನುಪಮಾ ಪ್ರಶಸ್ತಿಯನ್ನು ನೀಡುತ್ತಿದೆ. 'ತಾಯಿ-ಮಗು' ಮತ್ತು 'ಕೇಳು ಕಿಶೋರಿ' ಅವರ ಮರಣಾನಂತರವೂ ಮರುಮುದ್ರಣಗೊಂಡು ಕನ್ನಡ ಮನೆಗಳಲ್ಲಿ ಓದಿಸಿಕೊಂಡಿವೆ.